ಅಪ್ಪಯ್ಯನ ಗಾಲಿಕುರ್ಚಿ, ಅಮೆರಿಕದ ಕರೆಂಟು

ಮಳೆಗಾಲದಲ್ಲಿ ನಮ್ಮ ಮೇಗರವಳ್ಳಿಯಲ್ಲಿ ಕರೆಂಟು ಬಂದಾಗ ಬಂತು. ಬಂದ ಕೂಡಲೇ ಅಪ್ಪಯ್ಯನ ಬ್ಯಾಟರಿ ಗಾಲಿಕುರ್ಚಿ ಚಾರ್ಜಿಗೆ ಹಾಕುವುದು, ಗುಡುಗಿದರೆ ಪ್ಲಗ್ ಕೀಳುವುದು ನಮಗೆ ರೂಢಿ. ಅಮೆರಿಕದ ಅಕ್ಕನ ಮನೆಗೆ ಹೊರಟಾಗ, ಅಲ್ಲಿ ಆ ಚಿಂತೆ ಇಲ್ಲ ಅಂದುಕೊಂಡಿದ್ದೆವು.

ಆದರೆ ನಮ್ಮಲ್ಲಿ 230 ವೋಲ್ಟ್, ಅಲ್ಲಿ 120. ಪಿನ್ನೂ ಬೇರೆ. ಪೇಟೆಯಲ್ಲಿ ಕೊಂಡ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಪುಣ್ಯಕ್ಕೆ ಹೊರಡುವ ಮೊದಲೇ ಚಾರ್ಜರಿನ ಹಿಂಬದಿ ಓದಿದೆವು. ‘ಇನ್‌ಪುಟ್ 220–240’ ಅಂತಷ್ಟೇ ಇತ್ತು. ಅದನ್ನೇ ಒಯ್ದಿದ್ದರೆ ಅಪ್ಪಯ್ಯ ಅಲ್ಲಿ ಕೂತಲ್ಲೇ ಕೂರಬೇಕಿತ್ತು. ಕುರ್ಚಿ ಮಾಡಿದವರಿಂದಲೇ, ಅದೇ ಬ್ಯಾಟರಿಗೆ ಹೊಂದುವ 100–240 ವೋಲ್ಟಿನ ಚಾರ್ಜರ್ ತರಿಸಿದೆವು. ಲಿಥಿಯಂ ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅಂತ ವಿಮಾನದವರಿಗೆ ಮುಂಚೆಯೇ ತಿಳಿಸಿದೆವು.

ಅಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಬಳಸದೆ ಗೋಡೆಯ ಪ್ಲಗ್ಗಿಗೇ ಹಾಕುತ್ತಿದ್ದೆವು. ಚಾರ್ಜರ್ ಮೇಲೆ ಬಟ್ಟೆ ಬೀಳದ ಹಾಗೆ, ನಾವು ಎಚ್ಚರವಿರುವಾಗ ಮಾತ್ರ. ಮೂರನೇ ದಿನ ಅಪ್ಪಯ್ಯ ಒಬ್ಬರೇ ಬೀದಿಯ ಕೊನೆಯವರೆಗೆ ಹೋಗಿ ಬಂದರು. ‘ಯಾರನ್ನೂ ಕರೀಲಿಲ್ಲ ಮಾರಾಯ’ ಅಂದರು.

ನಿಮ್ಮ ಮನೆಯವರೂ ಹೀಗೆ ಹೊರಟರೆ, ಪಾಸ್‌ಪೋರ್ಟ್ ನೋಡಿಕೊಂಡ ಹಾಗೇ ಚಾರ್ಜರಿನ ಹಿಂಬದಿಯನ್ನೂ ಓದಿಕೊಳ್ಳಿ.