ರಾತ್ರಿ ಎಷ್ಟು ಸಲ ಏಳುತ್ತೀರಿ?

ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತ ಹಿರಿಯರ ಮಾತಿಗೆ ಕಿವಿಗೊಟ್ಟಿದ್ದೀರಾ? ಮಂಡಿನೋವು, ಬಿಪಿ, ಶುಗರ್, ಗ್ಯಾಸು, ಯಾವುದಕ್ಕೂ ಮುಚ್ಚುಮರೆಯಿಲ್ಲ. ಕಣ್ಣಿನ ಪೊರೆ ತೆಗೆಸಿದ ಕಥೆಯಂತೂ ಗುರುತಿಲ್ಲದವರಿಗೂ ಸಿಗುತ್ತದೆ. ಆದರೆ ರಾತ್ರಿ ಎಷ್ಟು ಸಲ ಎದ್ದು ಒಂದಕ್ಕೆ ಹೋಗುತ್ತೀರಿ ಎಂದು ಕೇಳಿ, ದನಿ ತಗ್ಗುತ್ತದೆ. ‘ವಯಸ್ಸಾಯ್ತಲ್ಲಪ್ಪ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಈ ಸಂಕೋಚ ನಮ್ಮೂರಿನದಷ್ಟೇ ಅಲ್ಲ. ದೂರದರ್ಶಕ ಬರುವ ಮೊದಲೇ ಬರಿಗಣ್ಣಿನಿಂದ ಗ್ರಹಗಳ ಚಲನೆ ಅಳೆದ ಟೈಕೋ ಬ್ರಾಹೆ, 1601ರಲ್ಲಿ ಪ್ರಾಗ್‌ನ ಔತಣವೊಂದರಲ್ಲಿ ಮರ್ಯಾದೆಗೆ ಅಂಜಿ ಏಳದೇ ಕೂತನಂತೆ. ಮನೆಗೆ ಬಂದರೆ ಮೂತ್ರ ಕಟ್ಟಿಕೊಂಡಿತ್ತು. ಹನ್ನೊಂದು ದಿನಕ್ಕೆ ತೀರಿಕೊಂಡ. ವಿಷ ಹಾಕಿರಬಹುದೆಂದು ಬಹುಕಾಲ ಗುಮಾನಿಯಿತ್ತು. 2010ರಲ್ಲಿ ಗೋರಿ ತೆಗೆದು ಪರೀಕ್ಷಿಸಿದಾಗ ಕೊಲ್ಲುವಷ್ಟು ಪಾದರಸ ಕಾಣಲಿಲ್ಲ. ಅವನೊಳಗೆ ಮೊದಲೇ ಏನು ಅಡ್ಡಿಯಿತ್ತೋ! ಗಂಡಸರಲ್ಲಿ ಅಂಥ ಅಡ್ಡಿಗೆ ಹೆಸರಾದದ್ದು ಪ್ರಾಸ್ಟೇಟ್ ಗ್ರಂಥಿ. ಅಕ್ರೋಟು ಕಾಯಿಯಷ್ಟು ದಪ್ಪ. ಮೂತ್ರನಾಳ ಹಾದುಹೋಗುವುದು ಅದರ ನಡುವೆಯೇ. ನಲವತ್ತು ದಾಟಿದ ಮೇಲೆ ಅದು ಮೆಲ್ಲಗೆ ಬೆಳೆದರೆ ಧಾರೆ ಸಣ್ಣದಾಗುತ್ತದೆ, ಶುರುವಾಗಲು ತಡವಾಗುತ್ತದೆ, ಹೋಗಿಬಂದರೂ ಇನ್ನೂ ಇದೆ ಎನಿಸುತ್ತದೆ. ಇಂಥವರು ನೆಗಡಿಗೆಂದು ಮೂಗು ಕಟ್ಟಿದ್ದನ್ನು ಬಿಡಿಸುವ ಮಾತ್ರೆ ನುಂಗಿದರೆ ಕೆಲವೊಮ್ಮೆ ಮೂತ್ರ ಪೂರ್ತಿ ನಿಂತೇಬಿಡುತ್ತದೆ. ಆಗ ಬೆಳಗಾಗಲಿ ಎಂದು ಕಾಯಬಾರದು, ಆಸ್ಪತ್ರೆಗೆ ಓಡಬೇಕು.

ತಡೆದುಕೊಳ್ಳುವ ಮಾತೆಂದರೆ ನಮ್ಮ ಹೆಣ್ಣುಮಕ್ಕಳಿಗಿಂತ ಹೆಚ್ಚು ಬಲ್ಲವರು ಯಾರು? ದೂರದ ಬಸ್ಸು ಹತ್ತುವ ದಿನ ಬೆಳಗಿನಿಂದಲೇ ನೀರು ಬಿಡುತ್ತಾರೆ. ಬಸ್ ನಿಲ್ದಾಣದ ಶೌಚಾಲಯ ನೆನೆದರೆ ಅವರನ್ನು ಹೇಗೆ ದೂರೋಣ? ಅವರ ಮೂತ್ರನಾಳ ನಾಲ್ಕು ಸೆಂಟಿಮೀಟರ್ ಆಸುಪಾಸು. ಸೋಂಕಿಗೆ ದಾರಿ ಹತ್ತಿರ. ನೀರೂ ಕಡಿಮೆ, ತಡೆಯುವುದೂ ಹೆಚ್ಚಾದರೆ ಉರಿಮೂತ್ರ ಕಾದೇ ಇರುತ್ತದೆ. ಹೆರಿಗೆಯಾದ ಮೇಲೆ, ಮುಟ್ಟು ನಿಂತ ಮೇಲೆ, ಕೆಮ್ಮಿದರೆ ನಕ್ಕರೆ ಹನಿ ಜಾರುವುದು ಇನ್ನೊಂದು ಸಂಕಟ. ಅದಕ್ಕೆಂದೇ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಖರ್ಚಿಲ್ಲದ ಈ ಉಪಾಯವನ್ನು ಬಾಣಂತಿಗೆ ಮೆಣಸಿನ ಸಾರಿನ ಜೊತೆಗೇ ಯಾಕೆ ಹೇಳಿಕೊಡಬಾರದು?

ಇನ್ನು ರಾತ್ರಿ ಏಳುವ ವಿಷಯಕ್ಕೆ ಬಂದರೆ, ತಪ್ಪು ಎಷ್ಟೋ ಸಲ ಮೂತ್ರಕೋಶದ್ದೇ ಅಲ್ಲ. ರಕ್ತದಲ್ಲಿ ಸಕ್ಕರೆ ಮೀರಿದರೆ ಅದು ನೀರನ್ನೂ ಎಳೆದುಕೊಂಡು ಹೊರಬೀಳುತ್ತದೆ. ಅಂಥ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಹಳೆಯ ವೈದ್ಯರು ಕಂಡಿದ್ದರು. ಹೃದಯ ಸೋತಾಗ ಹಗಲೆಲ್ಲ ಕಾಲಿನಲ್ಲಿ ನಿಂತ ನೀರು, ಮಲಗಿದ ಮೇಲೆ ರಕ್ತಕ್ಕೆ ಮರಳಿ ಕಿಡ್ನಿಗೆ ಕೆಲಸ ಕೊಡುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಲ್ಲುವವರೂ ಹೀಗೆಯೇ ಏಳುತ್ತಿರುತ್ತಾರೆ. ಮಲಬದ್ಧತೆ, ಪಾರ್ಶ್ವವಾಯು, ಪಾರ್ಕಿನ್ಸನ್, ಬೊಜ್ಜು, ಸಂಜೆಯ ಮೇಲಿನ ಕಾಫಿ, ಹೊತ್ತು ಮೀರಿ ನುಂಗಿದ ನೀರಿನ ಮಾತ್ರೆ, ಎಲ್ಲಕ್ಕೂ ಇದರಲ್ಲಿ ಪಾಲುಂಟು. ಬೀಡಿ ಸಿಗರೇಟಿನದು ಬೇರೆಯೇ ಲೆಕ್ಕ: ಮೂತ್ರಕೋಶದ ಕ್ಯಾನ್ಸರಿಗೆ ಅದೇ ದೊಡ್ಡ ಕಾರಣ. ನೋವಿಲ್ಲದಿರಲಿ, ಒಂದೇ ಸಲವಾಗಿರಲಿ, ರಕ್ತ ಕಂಡರೆ ತಡಮಾಡಲೇಬೇಡಿ.

ಕತ್ತಲಲ್ಲಿ ಬಚ್ಚಲಿಗೆ ಹೋಗಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿ ಯಾವ ಬೀದಿಯಲ್ಲಿಲ್ಲ? ಎಲ್ಲರೂ ಜಾರಿದ್ದರ ಮಾತಾಡುತ್ತಾರೆ, ಎದ್ದದ್ದು ಯಾಕೆಂದು ಕೇಳುವವರಿಲ್ಲ. ಅದಕ್ಕೇ ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಏನು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಸಲ ಎದ್ದಿರಿ. ಡಾಕ್ಟರ ಮುಂದೆ ಬಾಯಿ ಬರದಿದ್ದರೆ ಆ ಹಾಳೆಯನ್ನೇ ಮೇಜಿನ ಮೇಲಿಡಿ. ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.