ಲೋಕಲ್ ಆಧಾರ್ ನಡಿಯಂಗಿಲ್ರಿ

ನಮ್ಮ ಜಮಖಂಡಿ ಕಡೆ ರಾತ್ರಿ ಒಂದೂರಲ್ಲಿ ತಂಗೋದಕ್ಕೆ 'ವಸ್ತಿ ಇರೋದು' ಅಂತೀವಿ. ರಾತ್ರಿ ಹಳ್ಳಿಗೆ ಬಂದು, ಅಲ್ಲೇ ನಿಂತು, ನಸುಕಿನಲ್ಲಿ ಮೊದಲ ಟ್ರಿಪ್ ಹೊಡೆಯುವ ಬಸ್ಸು ವಸ್ತಿ ಬಸ್ಸು. ಅದರ ಡ್ರೈವರು ಕಂಡಕ್ಟರು ನಮ್ಮೂರ ಗುಡಿ ಕಟ್ಟೆ ಮೇಲೋ, ಬಸ್ಸಿನ ಸೀಟಿನ ಮೇಲೋ ಮಲಗುತ್ತಿದ್ದರು. ಯಾರದೋ ಮನೆಯಿಂದ ರೊಟ್ಟಿ, ಝುಣಕ ಹೋಗುತ್ತಿತ್ತು. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ನಡಕೊಂಡು ಹೋಗುವವರಿಗೂ ಹಾದಿಯುದ್ದಕ್ಕೂ ವಸ್ತಿ ಸಿಗುತ್ತದೆ. ಊಟ ಹಾಕುವವರಷ್ಟೇ ಅಲ್ಲ, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರೂ ಇರುತ್ತಾರೆ. ದುಡ್ಡಿನ ಮಾತೇ ಇಲ್ಲ.

ಆದರೆ ಉಳಿದ ದಿನಗಳಲ್ಲಿ, ಉಳಿದವರಿಗೆ, ವಸ್ತಿಗೂ ಒಂದು ಬಾಡಿಗೆ ಇದೆ. "ಯಾವೂರ್ರಿ? ಯಾರ ಪೈಕಿ?"

ಈ 'ಯಾರ ಪೈಕಿ'ಯನ್ನು ಬೆಂಗಳೂರಿನ ಗೆಳೆಯರಿಗೆ ತಿಳಿಸಿ ಹೇಳೋದು ಕಷ್ಟ. ಹೆಸರು ಹೇಳಿದರೆ ಅಡ್ಡಹೆಸರು ಕೇಳ್ತಾರೆ. ಅಡ್ಡಹೆಸರಿನಿಂದ ಮನೆತನ, ಮನೆತನದಿಂದ ಜಾತಿ, ಜಾತಿಯಿಂದ ನೀವು ಪಡಸಾಲೆ ತನಕ ಬರಬಹುದೋ ಹೊರಗಿನ ಕಟ್ಟೆಗೇ ನಿಲ್ಲಬೇಕೋ ಅನ್ನೋದು ತೀರ್ಮಾನ ಆಗುತ್ತೆ. ಉತ್ತರ ಕರ್ನಾಟಕದ ಅತಿಥಿ ಸತ್ಕಾರವನ್ನು ಹಾಡಿ ಹೊಗಳುವವರು (ನಾನೂ ಆಫೀಸಿನ ಕ್ಯಾಂಟೀನಲ್ಲಿ ಹೊಗಳ್ತೀನಿ) ಈ ಕೊನೆಯ ಮೆಟ್ಟಿಲನ್ನು ಬಿಟ್ಟು ಹೇಳ್ತಾರೆ.

ಹೋದ ವರ್ಷ ಮನೆಯಲ್ಲಿ ಮದುವೆ. ಮೂವತ್ತು ಮಂದಿ ಬೀಗರು, ಓಡುವ ಫ್ಯಾನು ಎರಡು, ಅಂಗಳದಲ್ಲಿ ಡಿಜೆ. ನನಗೆ ರಾತ್ರಿ ಹತ್ತಕ್ಕೆ ಅಮೆರಿಕದವರ ಜೊತೆ ಕಾಲ್. ಬೈಕ್ ತಗೊಂಡು ಜಮಖಂಡಿಗೆ ಹೋಗಿ ಒಂದು ಲಾಡ್ಜಿನ ಮುಂದೆ ನಿಂತೆ. ನಮ್ಮ ನಾಲ್ಕೂ ಊರಲ್ಲಿ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ, ಲಾಡ್ಜಿಗೆ ಬರೋರು ಔಷಧ ಕಂಪನಿಯ ರೆಪ್‌ಗಳು, ಬೀಜ ಗೊಬ್ಬರದ ಕಂಪನಿಯವರು, ಸೀರೆ ವ್ಯಾಪಾರಿಗಳು, ಸಕ್ಕರೆ ಕಾರ್ಖಾನೆಗೆ ಮಶಿನ್ ರಿಪೇರಿಗೆ ಬಂದವರು. ಜಮಖಂಡಿಯಲ್ಲಿ ಪಟವರ್ಧನರ ಅರಮನೆ ಇದೆ, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಮುಧೋಳ ನಾಯಿಗಳ ಕೇಂದ್ರ ಇದೆ, ಬೀಳಗಿಯಲ್ಲಿ ಅರೆತ್ತಿನ ಬಾವಿ ಇದೆ. ಆದರೂ ಪ್ರವಾಸಿ ಅಂತ ಬರೋರು ಬಾದಾಮಿ, ಪಟ್ಟದಕಲ್ಲು ನೋಡಿ ಅತ್ಲಾಗಿಂದ ಅತ್ಲಾಗೇ ಹೋಗಿಬಿಡ್ತಾರೆ.

ಕೌಂಟರಿನಲ್ಲಿದ್ದ ಹಿರಿಯರು ನನ್ನ ಆಧಾರ್ ತಿರುಗಿಸಿ ಮುರುಗಿಸಿ ನೋಡಿದರು.

"ಸರ, ಲೋಕಲ್ ಆಧಾರ್ ನಡಿಯಂಗಿಲ್ರಿ."

"ಯಾಕ್ರಿ? ರೂಮ್ ಖಾಲಿ ಅದಾವಲ್ಲ?"

"ಖಾಲಿ ಅದಾವ್ರಿ. ಆದ್ರ ನೀವು ಇಲ್ಲೇವ್ರು. ಇಲ್ಲೇ ಮನಿ ಐತಿ, ಮತ್ತ ರೂಮ್ ಯಾಕ?"

ಲ್ಯಾಪ್‌ಟಾಪ್ ತೋರಿಸಿದೆ, ಡಿಜೆ ಕಥೆ ಹೇಳಿದೆ. ಅವರು ಕಾರ್ಡಿನಲ್ಲಿ ಅಡ್ಡಹೆಸರು ಓದಿ, "ಅಂದ್ರ ನೀವು ಇಂಥವ್ರ ಪೈಕಿ ಏನ್ರಿ?" ಅಂತ ನಮ್ಮ ಅಜ್ಜನ ಹೆಸರು ಹೇಳಿದರು. ಆಮೇಲೆ ಚಹಾ ಬಂತು. ರೂಮ್ ಮಾತ್ರ ಬರಲಿಲ್ಲ. ಕೌಂಟರಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಕಾಲ್ ಮುಗಿಸಿದೆ. ಕಾಲ್ ಮುಗಿದ ಮೇಲೆ ಅವರು ತಾವಾಗಿ ಹೇಳಿದರು: "ತಪ್ಪು ತಿಳಿಬ್ಯಾಡ್ರಿ. ಊರವ್ರು ಒಬ್ಬರ ಬಂದು ಊರಾಗ ರೂಮ್ ಕೇಳಿದ್ರ ನಮಗ ಎದಿ ಹೊಡಕೊಳ್ತೈತಿ. ಇಸ್ಪೀಟ್ ಆಡಿದ್ರ ಆಡ್ಲಿ, ಕುಡಿದ್ರ ಕುಡಿಲಿ. ಮುಂಜಾನೆ ಬಾಗಿಲ ತಗಿಲಿಲ್ಲಂದ್ರ ಏನ್ ಮಾಡೂಣು?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಲ ಮೈಮೇಲೆ ಬಂದವರು, ಮನೆಯಲ್ಲಿ ಜಗಳ ಆಡಿ ಬಂದವರು, ಎಲ್ಲರೂ ಆ ಕೌಂಟರಿನ ಮುಂದೆ ನನ್ನ ಹಾಗೇ ಬ್ಯಾಗ್ ಹಿಡಿದು ನಿಂತಿರುತ್ತಾರೆ. ಬೆಳಗ್ಗೆ ಚಹಾ ಕುಡಿಯೋ ಹೊತ್ತಿಗೆ ಅಪ್ಪ ಕೇಳಿದ: "ರಾತ್ರಿ ಲಾಡ್ಜಿಗೆ ಯಾಕ ಹೋಗಿದ್ದಿ?" ಸುದ್ದಿ ನನ್ನ ಬೈಕಿಗಿಂತ ಮುಂಚೆ ಮನೆ ಮುಟ್ಟಿತ್ತು.

ಇದನ್ನ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ವಯಸ್ಸಿನವರಿಗಾಗಿ ಅಂತಲೇ ಬಂದ ಅಗ್ಗದ ಹೋಟೆಲ್ ಬ್ರ್ಯಾಂಡುಗಳು ಏನು ಮಾರಿದವು ಅನ್ನೋದು ನನಗೆ ಆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಾಗ ಸರಿಯಾಗಿ ಅರ್ಥ ಆಯ್ತು. ಅವು ಮಾರಿದ್ದು ಬಿಳಿ ಚಾದರ, ವೈಫೈ ಅಂತ ಎಲ್ಲರೂ ಬರೀತಾರೆ. ಅದು ಅರ್ಧ ಮಾತ್ರ.

ಟಾಟಾದವರು 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಇಂಡಿಒನ್ ಅಂತ ಒಂದು ಹೋಟೆಲ್ ತೆರೆದರು. ನಮ್ಮಂಥ ಐಟಿ ಮಂದಿ ಓಡಾಡುವ ಜಾಗ. ಬಾಡಿಗೆ ಆಗ ಸಾವಿರದ ಆಸುಪಾಸು. ಚಿಕ್ಕ ರೂಮು, ಆದರೆ ಸ್ವಚ್ಛ. ಅದೇ ಆಮೇಲೆ ಜಿಂಜರ್ ಆಯ್ತು. 2013ರಲ್ಲಿ ಜೋಧಪುರದಲ್ಲಿ ಝೋಸ್ಟೆಲ್ ಶುರುವಾಯ್ತು: ರೂಮ್ ಬೇಡ, ಒಂದು ಮಂಚ ಸಾಕು ಅನ್ನುವವರಿಗೆ ಮಂಚ. ಅದೇ ವರ್ಷ ಒಡಿಶಾದ ಹುಡುಗ ರಿತೇಶ್ ಅಗರ್‌ವಾಲ್, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಗುರುಗ್ರಾಮದಲ್ಲಿ ಓಯೋ ಶುರು ಮಾಡಿದ. ಅವನು ಹೋಟೆಲ್ ಕಟ್ಟಲಿಲ್ಲ. ಇದ್ದ ಲಾಡ್ಜುಗಳಿಗೇ ಕೆಂಪು ಬೋರ್ಡು ಹಾಕಿಸಿ, ಚಾದರ ಬದಲಿಸಿ, ರೂಮನ್ನು ಆ್ಯಪಿನಲ್ಲಿ ಮಾರಿದ. ಇಂಜಿನಿಯರ್ ಭಾಷೆಯಲ್ಲಿ ಹೇಳೋದಾದರೆ ಹಳೇ ಸಿಸ್ಟಮ್ ಹಾಗೇ ಬಿಟ್ಟು ಮೇಲೊಂದು ಇಂಟರ್‌ಫೇಸ್ ಬರೆದ. ಹಳೇ ಸಿಸ್ಟಮ್‌ನ ಬಗ್‌ಗಳೂ ಹಾಗೇ ಉಳಿದವು. ದೊಡ್ಡವರಾದ ಮೇಲೆ ದೊಡ್ಡವರ ಆಟಗಳೂ ಬಂದವು. ಪೈಪೋಟಿಯ ಫ್ಯಾಬ್‌ಹೋಟೆಲ್ಸ್, ಬೆಂಗಳೂರಿನದೇ ಆದ ಟ್ರೀಬೋ ಇವುಗಳನ್ನು ಮೇಕ್‌ಮೈಟ್ರಿಪ್ ಪಟ್ಟಿಯಿಂದ ತೆಗೆಸಿದ ವಿಚಾರದಲ್ಲಿ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಓಯೋಗೆ 168.88 ಕೋಟಿ ರೂಪಾಯಿ ದಂಡ ಹಾಕಿತು. ಅದು ಬೇರೆ ಕಥೆ.

ನನಗೆ ಬೇಕಾದ್ದು ಹೆಸರು. ಓಯೋ ಅಂದರೆ 'ಆನ್ ಯುವರ್ ಓನ್', ನಿನ್ನಷ್ಟಕ್ಕೆ ನೀನು. ನಮ್ಮ 'ಯಾರ ಪೈಕಿ'ಗೆ ಇದಕ್ಕಿಂತ ಸರಿಯಾದ ವಿರುದ್ಧ ಪದ ಸಿಗಲಿಕ್ಕಿಲ್ಲ.

ನನ್ನ ಕಾಲೇಜು ಗೆಳೆಯನೊಬ್ಬ ಇದ್ದಾನೆ. ಅವನ ಅಡ್ಡಹೆಸರು ಕೇಳಿದ ಕೂಡಲೇ ನಮ್ಮ ಕಡೆ ಮಂದಿಯ ದನಿ ಬದಲಾಗುತ್ತೆ. ಯಾವ ಊರಿಗೆ ಹೋದರೂ ಅವನು ಆ್ಯಪಿನಲ್ಲೇ ಬುಕ್ ಮಾಡ್ತಾನೆ, ಗೆಳೆಯರ ಮನೆಗೆ ಇಳಿಯೋದಿಲ್ಲ. ಮೊದಲೆಲ್ಲ ಜಂಬ ಅನ್ಕೊಂಡವರಿದ್ದರು. ಒಮ್ಮೆ ಅವನೇ ಹೇಳಿದ: "ದುಡ್ಡು ಕಟ್ಟಿದ್ರ ಮುಗೀತು ಲೇ. ನಾ ಉಂಡ ತಾಟು ಯಾರ್ ತೊಳಿಬೇಕು ಅಂತ ಒಳಗ ಯಾರೂ ಪಿಸಪಿಸ ಅನ್ನಂಗಿಲ್ಲ."

ಪ್ರೇಮಿಗಳ ವಿಚಾರಕ್ಕೂ ಇದೇ ಕಾರಣ. 2016ರಲ್ಲಿ ಓಯೋ ಆ್ಯಪಿನಲ್ಲಿ ಜೋಡಿಗಳಿಗೆ ರೂಮ್ ಕೊಡುವ ಹೋಟೆಲ್ ಯಾವುದು ಅಂತ ತೋರಿಸೋಕೆ ಶುರು ಮಾಡಿದರು. ಮದುವೆ ಆಗದ ಗಂಡು ಹೆಣ್ಣು ಒಂದು ರೂಮಿನಲ್ಲಿ ಇರೋದನ್ನ ನಿಷೇಧಿಸುವ ಕಾನೂನೇ ಇಲ್ಲ ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿದೆ. ಆದರೂ ನಮ್ಮ ಕಡೆ 'ಓಯೋ' ಅಂದರೆ ಮಂದಿ ಮೀಸೆಯಲ್ಲೇ ನಗ್ತಾರೆ. ಕಂಪನಿಗೂ ಆ ನಗು ಕೇಳಿಸಿರಬೇಕು. 2025ರ ಜನವರಿಯಲ್ಲಿ ಮೇರಠಿನಿಂದ ಶುರು ಮಾಡಿ, ಜೋಡಿಗಳು ಸಂಬಂಧದ ದಾಖಲೆ ತೋರಿಸಬೇಕು, ಬೇಡ ಅನಿಸಿದರೆ ಹೋಟೆಲಿನವರು ರೂಮ್ ನಿರಾಕರಿಸಬಹುದು ಅಂತ ನಿಯಮ ತಂದರು. ಅಂದರೆ 'ನಿನ್ನಷ್ಟಕ್ಕೆ ನೀನು' ಅಂದವರೂ ಕಡೆಗೆ "ಯಾರ ಪೈಕಿ?" ಅಂತಲೇ ಕೇಳಿದ ಹಾಗಾಯ್ತು.

ಇವರೆಲ್ಲರಿಗಿಂತ ನನಗೆ ಹೆಚ್ಚು ಕಾಡೋದು ಕಾಕಾನ ಮಗಳು. ಕಾಕಾ ಬನಹಟ್ಟಿಯಲ್ಲಿ ಮಗ್ಗ ನಡೆಸ್ತಾನೆ. ಇವಳು ಬಾಗಲಕೋಟೆಯಲ್ಲಿ ಬಿಇ ಮುಗಿಸಿ ಸರ್ಕಾರಿ ನೌಕರಿ ಪರೀಕ್ಷೆ ಬರೀತಿದ್ದಳು. ಒಮ್ಮೆ ಬೇರೆ ಜಿಲ್ಲೆಯಲ್ಲಿ ಸೆಂಟರ್ ಬಿತ್ತು. ಜೊತೆಗೆ ಬರಬೇಕಿದ್ದ ಗೆಳತಿ ಬರಲಿಲ್ಲ. ರಾತ್ರಿ ಎಂಟಕ್ಕೆ ಇಳಿದು ಮೂರು ಲಾಡ್ಜಿಗೆ ಹೋಗಿದ್ದಾಳೆ. ಮೂರರಲ್ಲೂ ಒಂದೇ ಉತ್ತರ: "ಒಬ್ಬರ ಹೆಣ್ಮಕ್ಕಳಿಗೆ ಕೊಡಂಗಿಲ್ರೀ, ಯಾರರ ಜೋಡಿ ಬರ್ರಿ." ಪೊಲೀಸ್ ಚೌಕಿ ಕಾಣುವ ಹಾಗೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬೆಳಗಿನ ತನಕ ಕೂತು, ಅಲ್ಲಿನ ನಳದಲ್ಲಿ ಮುಖ ತೊಳಕೊಂಡು ಪರೀಕ್ಷೆ ಬರೆದು ಬಂದಳು. ಕಾಕಾಗೆ ಗೆಳತಿ ಮನೆಯಲ್ಲಿ ಇದ್ದೆ ಅಂದಿದ್ದಳು. ಆ ಪರೀಕ್ಷೆ ಪಾಸಾಗಲಿಲ್ಲ. ನಿದ್ದೆ ಇಲ್ಲದ್ದಕ್ಕೇ ಹೀಗಾಯ್ತು ಅಂತ ಅವಳು ಯಾವತ್ತೂ ಹೇಳಿಲ್ಲ. ನಾನು ಹೇಳ್ತೀನಿ.

ಆಮೇಲೆ ಖಾಸಗಿ ಕಂಪನಿಗಳಿಗೆ ಅರ್ಜಿ ಹಾಕಿದಳು. ಬೆಂಗಳೂರಿಗೆ ಇಂಟರ್‌ವ್ಯೂಗೆ ಬರೋದಿತ್ತು. ನಾನು ಆ ವಾರ ಆಫೀಸ್ ಕೆಲಸದ ಮೇಲೆ ಹೈದರಾಬಾದಿನಲ್ಲಿ. ರಾಜಾಜಿನಗರದಲ್ಲಿ ನಮ್ಮ ಅತ್ತಿ ಮನೆ ಇದೆ, ಅಲ್ಲೇ ಇಳೀಲಿ ಅಂದ ಕಾಕಾ. ಅವಳು ನನಗೆ ಫೋನ್ ಮಾಡಿದಳು: "ಅಣ್ಣಾ, ಅತ್ತಿ ಮನ್ಯಾಗ ರೊಟ್ಟಿ ಬಿಸಿ ಇರ್ತಾವ, ಪ್ರಶ್ನೆನೂ ಬಿಸಿ ಇರ್ತಾವ. ಲಗ್ನದ್ದು ಎಲ್ಲೀಗೆ ಬಂತು ಅಂತ ಶುರು ಆದ್ರ ನಾ ಓದೂದು ಯಾವಾಗ?"

ಕೋರಮಂಗಲದ ಒಂದು ಹಾಸ್ಟೆಲ್ಲಿನಲ್ಲಿ, ಹೆಣ್ಣುಮಕ್ಕಳದೇ ಡಾರ್ಮಿಟರಿಯಲ್ಲಿ ಮಂಚ ಬುಕ್ ಮಾಡಿದೆ. ಆರು ಮಂಚ, ಒಂದರ ಮೇಲೊಂದು. ಪ್ರತಿ ಮಂಚಕ್ಕೂ ಪರದೆ, ಓದೋಕೆ ಸಣ್ಣ ದೀಪ, ಒಂದು ಪ್ಲಗ್, ಕೆಳಗೆ ಬೀಗದ ಪೆಟ್ಟಿಗೆ. ಇವಳಿಗೆ ಮೇಲಿನದು ಸಿಕ್ಕಿತ್ತು. ಪಕ್ಕದಲ್ಲಿ ಕೇರಳದ ಒಬ್ಬಳು, ಎದುರಿಗೆ ಅಸ್ಸಾಮಿನ ಒಬ್ಬಳು, ಅವಳೂ ಇಂಟರ್‌ವ್ಯೂಗೇ ಬಂದವಳು. ರಾತ್ರಿ ಹನ್ನೊಂದಕ್ಕೆ ಪಿಸುದನಿಯಲ್ಲಿ ವಾಯ್ಸ್ ಮೆಸೇಜ್: "ಅಣ್ಣಾ, ಆಧಾರ್ ನೋಡಿ ಚಾವಿ ಕೊಟ್ರು. ಇಷ್ಟ? ಮತ್ತ ಏನೂ ಕೇಳಂಗಿಲ್ಲೇನು?"

ಅದೇ ಆಧಾರ್. ನಮ್ಮ ತಾಲೂಕು ದಾಟೋ ತನಕ ಸಂಶಯ, ದಾಟಿದ ಮೇಲೆ ಚಾವಿ. ಅಲ್ಲಿಗೆ ಹಾಸ್ಟೆಲ್ ಮಾಲೀಕರು ದೇವರಂಥವರು ಅಂತ ಅನ್ಕೋಬೇಡಿ. ಇಂಥ ಎಷ್ಟೋ ಹಾಸ್ಟೆಲ್ಲುಗಳಲ್ಲಿ ಅದೇ ಊರಿನ ವಿಳಾಸ ಇದ್ದರೆ ಮಂಚ ಕೊಡೋದಿಲ್ಲ. ವಿಜಯನಗರದ ಮನೆಯಲ್ಲಿ ಜಗಳ ಆಡಿ ಹೊರಬಿದ್ದ ಹುಡುಗಿಗೆ ಅವತ್ತು ರಾತ್ರಿ ಕೋರಮಂಗಲದಲ್ಲಿ ಹಾಸಿಗೆ ಸಿಗದೇ ಇರಬಹುದು. ನಿನ್ನಷ್ಟಕ್ಕೆ ನೀನು ಇರಬೇಕಾದರೆ ಮೊದಲು ಊರು ಬಿಡಬೇಕು. ನಾವು ಊರು ಬಿಟ್ಟವರು, ಆದ್ದರಿಂದ ನಮಗೆ ಈ ಬ್ರ್ಯಾಂಡುಗಳು ಚೆಂದ ಕಾಣುತ್ತವೆ. ಬಾರ್ ಕೌಂಟರಿನಲ್ಲೇ ಚಾವಿ ಕೊಡುವ ಮಾಕ್ಸಿಯಂಥ ಹೋಟೆಲನ್ನು ಬೆಂಗಳೂರು ವಿಮಾನ ನಿಲ್ದಾಣದ ಹತ್ತಿರ ಮ್ಯಾರಿಯಟ್‌ನವರು ನಡೆಸ್ತಾರೆ, ಯುವಕರಿಗಾಗಿ ಅಂತ. ಬೀಳಗಿಯಲ್ಲೇ ಉಳಿದ ಯುವಕರು ಆ ಲೆಕ್ಕದಲ್ಲಿ ಇಲ್ಲ.

ಅವಳಿಗೆ ಕೆಲಸ ಸಿಕ್ಕಿತು, ಪುಣೆಯಲ್ಲಿ. ಆಮೇಲೆ ಒಂದು ದಿನ, ಬಸ್ ಸ್ಟ್ಯಾಂಡಿನ ರಾತ್ರಿಯನ್ನೂ ಹಾಸ್ಟೆಲ್ಲಿನ ರಾತ್ರಿಯನ್ನೂ ಒಟ್ಟಿಗೇ ಕಾಕಾಗೆ ಹೇಳಿಬಿಟ್ಟಳಂತೆ. ಕಾಕಾ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮೂರನೇ ದಿನ ನನಗೆ ಫೋನ್ ಬಂತು. ಹಿಂದೆ ಮಗ್ಗದ ಸದ್ದು, ಅದರ ಮೇಲೆ ಕಾಕಾನ ದನಿ.

"ತಮ್ಮಾ, ಪುಣೆದಾಗ ರೂಮ್ ಸಿಗೂ ತನಕ ಒಂದ್ ವಾರ ಅಂಥದ್ದ ಎಲ್ಲರ ನೋಡು."

"ಆಯ್ತು ಕಾಕಾ, ಮಾಡ್ತೀನಿ."

"ಮ್ಯಾಲಿಂದು ಬ್ಯಾಡ. ಕೆಳಗಿನ ಮಂಚ ಮಾಡು. ಸಣ್ಣಾಕಿದ್ದಾಗಿಂದ ನಿದ್ದ್ಯಾಗ ಹೊಳ್ಳಾಡ್ತಾಳ ಆಕಿ."