ಹಿಂದೀಪ

ಸಂತೆಯಿಂದ ಮರಳುವಾಗ ಲಾರಿಯೊಂದು ನಮ್ಮ ಬೆನ್ನಿಗೆ ಮಾರುದೂರದಲ್ಲಿ ಕಿರುಗುಟ್ಟಿ ನಿಂತಿತು. ‘ಏನು ಸ್ವಾಮಿ, ಹಿಂದೆ ದೀಪವೇ ಬರಲಿಲ್ಲವಲ್ಲ!’ ಎಂದನು ಚಾಲಕನು. ನನ್ನ ಹೆಂಡತಿಯು ಮನೆ ಸೇರುವವರೆಗೂ ಮಾತನಾಡಲಿಲ್ಲ.

ನನ್ನದು ೧೦೦ ಸಿ.ಸಿ.ಯ ಚಿಕ್ಕ ಮೋಟಾರ್ ಸೈಕಲ್ಲು. ಮರುದಿನ ಪರೀಕ್ಷಿಸಲಾಗಿ, ಕೈಬ್ರೇಕನ್ನೊತ್ತಿದರೆ ಕೆಂಪು ದೀಪವು ಬೆಳಗುತ್ತಿತ್ತು, ಕಾಲುಬ್ರೇಕನ್ನೊತ್ತಿದರೆ ಇಲ್ಲ. ರಿಪೇರಿಯವನು ಬಲ್ಬು ಬದಲಿಸಬೇಕೆಂದನು. ಪಾಠಶಾಲೆಯಲ್ಲಿ ಕಲಿತ ಅನ್ವಯ-ವ್ಯತಿರೇಕವು ಇದನ್ನೊಪ್ಪಲಿಲ್ಲ. ಎರಡು ಬ್ರೇಕಿಗೂ ಬಲ್ಬು ಒಂದೇ. ಒಂದರಿಂದ ಉರಿಯುವುದು ಕೆಟ್ಟಿರಲಾರದು. ದೋಷವು ಕಾಲುಬ್ರೇಕಿನ ಸ್ವಿಚ್ಚಿನ ಕಡೆಗೇ ಇರತಕ್ಕದ್ದು.

ನೆಲದ ಮೇಲೆ ಕುಳಿತು ನೋಡಿದರೆ, ಪೆಡಲಿಗೂ ಸ್ವಿಚ್ಚಿಗೂ ನಡುವಣ ಸ್ಪ್ರಿಂಗು ಹಿಗ್ಗಿ ಜೋತಿದ್ದಿತು. ಸ್ವಿಚ್ಚಿನ ಒಡಲನ್ನು ಬೆರಳಲ್ಲಿ ಹಿಡಿದು (ಅದು ತಿರುಗಿದರೆ ತಂತಿಗಳು ಹೊಸೆದುಕೊಳ್ಳುವುವು) ನಟ್ಟನ್ನು ಮಾತ್ರ ತಿರುಗಿಸಿ ಮೇಲಕ್ಕೆತ್ತಿದೆನು. ಮೊದಲು ಅತಿಯಾಯಿತು, ಪೆಡಲನ್ನು ಮುಟ್ಟದೆಯೇ ದೀಪವು ಉರಿಯತೊಡಗಿತು. ಸದಾ ಉರಿಯುವ ದೀಪವು ಹಿಂದೆ ಬರುವವನಿಗೆ ಏನನ್ನು ತಾನೇ ತಿಳಿಸೀತು? ಎರಡು ಸುತ್ತು ಇಳಿಸಿದೆನು.

ಹೆಂಡತಿಯು ಹಿಂದೆ ನಿಂತು ‘ಬಂತು, ಹೋಯಿತು’ ಎಂದು ಹತ್ತು ಸಲವಾದರೂ ಹೇಳಿದಳು. ಆ ಬಳಿಕವೇ ಮುಂದಿನ ಸಂತೆಗೆ ಬರಲು ಒಪ್ಪಿದಳು.